ಕೈಲ್ ಫೀಲ್ಡಿನಲ್ಲಿ ಪಂದ್ಯ ನೋಡುವ ಕ್ರಮ: ಕಾಸರಗೋಡಿನಿಂದ ಟೆಕ್ಸಸ್‌ಗೆ ಹೋಗುವವರಿಗೆ

ನಮ್ಮ ಕಾಸರಗೋಡು ಸೀಮೆಯಲ್ಲಿ ‘ಆಟಕ್ಕೆ ಹೋಗುತ್ತೇನೆ’ ಎಂದರೆ ಯಕ್ಷಗಾನ ನೋಡಲು ಹೋಗುತ್ತೇನೆ ಎಂದೇ ಅರ್ಥ. ಅಲ್ಲಿ ಚಾಪೆ ಹಾಸಿ ಕುಳಿತರೆ ಸಾಕು, ಉಳಿದದ್ದನ್ನು ಭಾಗವತರೂ ವೇಷಧಾರಿಗಳೂ ನೋಡಿಕೊಳ್ಳುತ್ತಾರೆ. ಟೆಕ್ಸಸ್ ಎ ಆ್ಯಂಡ್ ಎಂ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ಆಟಕ್ಕೆ ಹೋಗುವವರು ಈ ಅಭ್ಯಾಸವನ್ನು ಊರಿನಲ್ಲೇ ಬಿಟ್ಟು ಹೋಗಬೇಕು, ಏಕೆಂದರೆ ಅಲ್ಲಿ ನೋಡುವವನಿಗೂ ಕೆಲಸವಿದೆ. ನನ್ನ ಅಕ್ಕನ ಮಗ ಅಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಗ ನಾನೊಮ್ಮೆ ಅವನೊಂದಿಗೆ ಪಂದ್ಯಕ್ಕೆ ಹೋಗಿ, ಬಿಸಿಲಿಗೆ ದಣಿದು ಕುಳಿತುಬಿಟ್ಟೆ. ಪಕ್ಕದ ಹುಡುಗಿಯೊಬ್ಬಳು ಬಗ್ಗಿ, ಮೈ ಸರಿಯಿಲ್ಲವೇ ಎಂದು ನಿಜವಾದ ಕಾಳಜಿಯಿಂದ ಕೇಳಿದಳು. ಆರೋಗ್ಯವಾಗಿರುವವರು ಆ ಸಾಲಿನಲ್ಲಿ ಕೂರುವುದಿಲ್ಲ ಎಂಬುದು ನನಗೆ ಆಗಲೇ ತಿಳಿದದ್ದು. ನಮ್ಮ ಮಕ್ಕಳು ಹೋಗುವ ಮೊದಲೇ ಇದನ್ನೆಲ್ಲ ತಿಳಿದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಹೆಸರಿನ ವಿಚಾರ. 1876ರಲ್ಲಿ ಕೃಷಿ ಮತ್ತು ಯಂತ್ರಶಾಸ್ತ್ರದ ಕಾಲೇಜಾಗಿ ಆರಂಭವಾದ ಈ ಸಂಸ್ಥೆ 1963ರಲ್ಲಿ ವಿಶ್ವವಿದ್ಯಾಲಯವೆಂಬ ಹೆಸರು ಪಡೆಯಿತು. ಕೃಷಿಯ ನೆನಪು ‘ಆಗೀ’ ಎಂಬ ಹೆಸರಿನಲ್ಲಿ ಉಳಿದಿದೆ. ವಿದ್ಯಾರ್ಥಿಗಳು, ಹಳೆಯ ವಿದ್ಯಾರ್ಥಿಗಳು, ಆಟಗಾರರು ಎಲ್ಲರೂ ಆಗೀಗಳೇ. ತಂಡದ ಬಣ್ಣ ಮರೂನ್. ಕ್ರೀಡಾಂಗಣಕ್ಕೆ ಕೈಲ್ ಫೀಲ್ಡ್ ಎಂಬ ಹೆಸರು ಬಂದದ್ದು, 1904ರಲ್ಲಿ ಆಟಕ್ಕೆಂದು ಜಾಗಕ್ಕೆ ಬೇಲಿ ಹಾಕಿಸಿಕೊಟ್ಟ ತೋಟಗಾರಿಕೆಯ ಪ್ರಾಧ್ಯಾಪಕ ಎಡ್ವಿನ್ ಜಾಕ್ಸನ್ ಕೈಲ್ ಅವರಿಂದ. ಅಡಿಕೆ ತೋಟಗಳ ಊರಿನಿಂದ ಹೋದ ನನಗೆ ಈ ಸಂಗತಿ ಬಹಳ ಹಿಡಿಸಿತು. ಈಗ ಅಲ್ಲಿ 1,02,733 ಮಂದಿಗೆ ಸ್ಥಳವಿದೆ.

ವಿದ್ಯಾರ್ಥಿಗಳು ಇಡೀ ಪಂದ್ಯವನ್ನು ನಿಂತೇ ನೋಡುವುದಕ್ಕೆ ಕಾರಣವಾದ ಕಥೆಯನ್ನು ತಿಳಿಯದೆ ಅಲ್ಲಿಗೆ ಹೋಗಬಾರದು. 1922ರ ಜನವರಿ 2ರಂದು ಡಲ್ಲಾಸ್‌ನಲ್ಲಿ ಬಲಿಷ್ಠವಾದ ಸೆಂಟರ್ ಕಾಲೇಜಿನ ವಿರುದ್ಧ ನಡೆದ ಪಂದ್ಯದಲ್ಲಿ ಆಗೀ ಆಟಗಾರರು ಒಬ್ಬೊಬ್ಬರಾಗಿ ಗಾಯಗೊಂಡರು. ಬದಲಿಗೆ ಇಳಿಸಲು ಜನ ಸಾಲದೆ ಹೋಗಬಹುದೆಂಬ ಭಯದಿಂದ ತರಬೇತುದಾರ ಡಿ. ಎಕ್ಸ್. ಬೈಬಲ್, ಫುಟ್‌ಬಾಲ್ ಬಿಟ್ಟು ಬಾಸ್ಕೆಟ್‌ಬಾಲ್ ಸೇರಿದ್ದ, ಆ ದಿನ ಪತ್ರಕರ್ತರ ಕೋಣೆಯಲ್ಲಿ ಆಟಗಾರರನ್ನು ಗುರುತಿಸಿಕೊಡುತ್ತಿದ್ದ ಇ. ಕಿಂಗ್ ಗಿಲ್ ಎಂಬ ವಿದ್ಯಾರ್ಥಿಯನ್ನು ಕೆಳಗೆ ಕರೆಸಿದರು. ಗಾಯಾಳುವೊಬ್ಬನ ಉಡುಪನ್ನು ತೊಟ್ಟುಕೊಂಡ ಗಿಲ್ ಅಂಕಣದ ಅಂಚಿನಲ್ಲಿ ಕೊನೆಯವರೆಗೂ ಸಿದ್ಧನಾಗಿ ನಿಂತಿದ್ದ. ಆಗೀಗಳು 22–14ರಿಂದ ಗೆದ್ದರು. ಗಿಲ್ ಅಂಕಣಕ್ಕೆ ಇಳಿಯಲೇ ಇಲ್ಲ. ಆಡದೆ, ಕರೆಗಾಗಿ ನಿಂತೇ ಇದ್ದ ಆ ಒಬ್ಬನನ್ನು ಹನ್ನೆರಡನೆಯ ಆಟಗಾರನೆಂದು ಇಂದಿಗೂ ಗೌರವಿಸುತ್ತಾರೆ. ಹನ್ನೊಂದು ಮಂದಿಯ ತಂಡಕ್ಕೆ ಹನ್ನೆರಡನೆಯವರು ನಾವೇ ಎಂಬ ಭಾವದಿಂದ ವಿದ್ಯಾರ್ಥಿ ಸಮೂಹ ನಿಲ್ಲುತ್ತದೆ. ಆದ್ದರಿಂದ ವಿದ್ಯಾರ್ಥಿಗಳ ಭಾಗದಲ್ಲಿ ಟಿಕೆಟ್ ಸಿಕ್ಕಿದ್ದರೆ ಮೂರೂವರೆ ಗಂಟೆ ನಿಲ್ಲಬಲ್ಲ ಬೂಟು ಹಾಕಿಕೊಂಡು ಹೋಗಿರಿ. ಮಂಡಿನೋವಿರುವ ಹಿರಿಯರನ್ನು ಕರೆದೊಯ್ಯುವುದಾದರೆ ಬೇರೆ ಭಾಗದಲ್ಲಿ ಟಿಕೆಟ್ ಕೊಳ್ಳುವುದು ಒಳ್ಳೆಯದು.

ಆಟದ ನಿಯಮ ಕಬಡ್ಡಿ ಬಲ್ಲ ನಮ್ಮವರಿಗೆ ಬೇಗ ಅರ್ಥವಾಗುತ್ತದೆ. ನೂರು ಗಜದ ಅಂಕಣದಲ್ಲಿ ಚೆಂಡು ಹಿಡಿದ ತಂಡಕ್ಕೆ ಹತ್ತು ಗಜ ಮುಂದುವರಿಯಲು ನಾಲ್ಕು ಯತ್ನಗಳಿರುತ್ತವೆ. ಅಷ್ಟು ಮುಂದೆ ಹೋದರೆ ಹೊಸದಾಗಿ ಮತ್ತೆ ನಾಲ್ಕು ಸಿಗುತ್ತವೆ. ನಾಲ್ಕನೆಯ ಯತ್ನವೆಂದರೆ ಎರಡು ಬರಿಗೈ ರೈಡ್‌ಗಳ ಬಳಿಕ ಬರುವ ‘ಡೂ ಆರ್ ಡೈ’ ರೈಡ್ ಇದ್ದಂತೆ, ಅಲ್ಲಿ ಸೋತರೆ ಚೆಂಡು ಎದುರಾಳಿಯ ಪಾಲಾಗುತ್ತದೆ. ಹಾಗಾಗದಿರಲೆಂದೇ ಹೆಚ್ಚಿನ ತಂಡಗಳು ಆ ಹೊತ್ತಿಗೆ ಚೆಂಡನ್ನು ದೂರಕ್ಕೆ ಒದ್ದುಬಿಡುತ್ತವೆ. ಚೆಂಡಿನೊಂದಿಗೆ ಕೊನೆಯ ಗೆರೆ ದಾಟಿದರೆ ಟಚ್‌ಡೌನ್, 6 ಅಂಕ. ಕಂಬಗಳ ನಡುವೆ ಒದ್ದರೆ 3.

ಪ್ರೇಕ್ಷಕನ ಕೆಲಸ ಇಲ್ಲಿಂದ ಶುರುವಾಗುತ್ತದೆ. ನಮ್ಮ ತಂಡದ ಕೈಯಲ್ಲಿ ಚೆಂಡಿದ್ದಾಗ ಸುಮ್ಮನಿರಬೇಕು, ಏಕೆಂದರೆ ಆಟ ನಡೆಸುವ ಆಟಗಾರನಾದ ಕ್ವಾರ್ಟರ್‌ಬ್ಯಾಕ್ ಕೂಗಿ ಹೇಳುವ ಸೂಚನೆ ಜೊತೆಗಾರರಿಗೆ ಕೇಳಿಸಬೇಕು. ಎದುರಾಳಿಯ ಕೈಯಲ್ಲಿ ಚೆಂಡಿದ್ದಾಗ, ಅದರಲ್ಲೂ ಅವರ ಮೂರನೆಯ ಯತ್ನದಲ್ಲಿ, ಅವರ ಸೂಚನೆ ಅವರಿಗೇ ಕೇಳದಷ್ಟು ಗಟ್ಟಿಯಾಗಿ ಕೂಗಬೇಕು. ಹೊಸಬರು ಸಾಮಾನ್ಯವಾಗಿ ಇದನ್ನು ತಿರುವುಮುರುವು ಮಾಡುತ್ತಾರೆ.

ಕೂಗಿಗೂ ಕ್ರಮವಿದೆ, ಅಭ್ಯಾಸವೂ ಇದೆ. ಸಂಜೆ ವೇಷ ಕಟ್ಟುವ ಚೌಕಿಯಿಂದ ‘ಕೇಳಿ’ ಎಂಬ ಸೂಚನೆಯ ಚೆಂಡೆ ಹೊಡೆದರೆ ಇಂದು ಆಟವಿದೆಯೆಂದು ನಮ್ಮ ಸುತ್ತಲಿನ ಗುಡ್ಡಗಳಿಗೆಲ್ಲ ತಿಳಿಯುತ್ತಿದ್ದಂತೆ, ತವರಿನ ಪಂದ್ಯದ ಹಿಂದಿನ ನಡುರಾತ್ರಿ ಕೈಲ್ ಫೀಲ್ಡಿನಲ್ಲಿ ‘ಮಿಡ್‌ನೈಟ್ ಯೆಲ್’ ನಡೆಯುತ್ತದೆ. ಸಾವಿರಾರು ವಿದ್ಯಾರ್ಥಿಗಳು ಸೇರಿ ಮರುದಿನದ ಘೋಷಣೆಗಳನ್ನು ಅಭ್ಯಾಸ ಮಾಡುತ್ತಾರೆ. ಇದನ್ನು ತಪ್ಪಿಸಿಕೊಂಡು ನೇರವಾಗಿ ಪಂದ್ಯಕ್ಕೆ ಹೋದವರಿಗೆ ಅರ್ಧ ಸವಿ ಮಾತ್ರ ಸಿಗುತ್ತದೆ ಎಂಬುದು ನನ್ನ ಅಭಿಪ್ರಾಯ. ಕೂಗನ್ನು ನಡೆಸುವವರು ವಿದ್ಯಾರ್ಥಿಗಳ ಮತದಿಂದ ಆಯ್ಕೆಯಾದ ಐವರು ‘ಯೆಲ್ ಲೀಡರ್’ಗಳು: ಅಂತಿಮ ವರ್ಷದ ಮೂವರು, ಮೂರನೆಯ ವರ್ಷದ ಇಬ್ಬರು, ಎಲ್ಲರೂ ಬಿಳಿಯ ಉಡುಪಿನಲ್ಲಿ. ಅವರು ಕೈಸನ್ನೆಯಿಂದ ಮುಂದಿನ ಘೋಷಣೆ ಯಾವುದೆಂದು ತೋರಿಸುತ್ತಾರೆ. ಮೊದಲ ಸಾಲಿನವರು ಅದೇ ಸನ್ನೆಯನ್ನು ಹಿಂದಿನವರಿಗೆ, ಅವರು ತಮ್ಮ ಹಿಂದಿನವರಿಗೆ ದಾಟಿಸುತ್ತಾರೆ. ಗದ್ದೆಯ ಪೈರಿನ ಮೇಲೆ ಗಾಳಿ ಹಾದುಹೋದಂತೆ ಆ ಸನ್ನೆ ಕ್ಷಣಗಳಲ್ಲಿ ಮೇಲಿನ ಅಟ್ಟಣಿಗೆಯವರೆಗೆ ಏರುವುದನ್ನು ನೋಡುತ್ತಾ ನಾನು ಆಟವನ್ನೇ ಮರೆತಿದ್ದೆ. ಸನ್ನೆ ನಿಮ್ಮ ಸಾಲಿಗೆ ಬಂದಾಗ ನೀವೂ ಅದನ್ನು ಹಿಂದಕ್ಕೆ ದಾಟಿಸಿ, ಸೊಂಟ ಬಗ್ಗಿಸಿ, ಎರಡೂ ಕೈಗಳನ್ನು ಮಂಡಿಗಳ ಮೇಲೂರಿ, ಹೊಟ್ಟೆಯಾಳದಿಂದ ಕೂಗಬೇಕು. ವಿಶ್ವವಿದ್ಯಾಲಯದ ರಣಗೀತೆ ಬಂದಾಗ ಅಕ್ಕಪಕ್ಕದವರು ನಿಮ್ಮ ಹೆಗಲ ಮೇಲೆ ಕೈ ಹಾಕಿ ಎಡಕ್ಕೂ ಬಲಕ್ಕೂ ತೂಗುತ್ತಾರೆ, ಸಂಕೋಚಪಡಬೇಡಿ. ಎದುರಾಳಿಗಳಿಗೆ ‘ಬೂ’ ಎನ್ನುವುದು ಆಗೀಗಳ ಸಂಪ್ರದಾಯವಲ್ಲ. ಹೆಬ್ಬೆರಳು ಮೇಲೆತ್ತಿ ‘ಗಿಗ್ ಎಮ್’ ಎನ್ನುವುದೂ, ಎದುರು ಸಿಕ್ಕವರಿಗೆ ‘ಹೌಡಿ’ ಎನ್ನುವುದೂ ಬಂದರೆ ಅಪರಿಚಿತರೂ ನಿಲ್ಲಿಸಿ ಮಾತನಾಡಿಸುತ್ತಾರೆ.

ಚೀಲದ ವಿಷಯದಲ್ಲಿ ನಿಯಮ ಕಟ್ಟುನಿಟ್ಟು: 12 ಇಂಚು ಉದ್ದ, 6 ಇಂಚು ಅಗಲ, 12 ಇಂಚು ಎತ್ತರ ಮೀರದ ಪಾರದರ್ಶಕ ಚೀಲವನ್ನಷ್ಟೇ ಒಳಗೆ ಬಿಡುತ್ತಾರೆ. ಊರಿನಿಂದ ಒಯ್ದ ಬಟ್ಟೆಯ ಕೈಚೀಲ ಬಾಗಿಲಲ್ಲೇ ಉಳಿಯುತ್ತದೆ.

ಕ್ರೀಡಾಂಗಣದ ಪಕ್ಕದ ಮೆಮೋರಿಯಲ್ ಸ್ಟೂಡೆಂಟ್ ಸೆಂಟರ್‌ಗೆ ಹೋದಾಗ ಟೋಪಿ ತೆಗೆಯಬೇಕು, ಸುತ್ತಲಿನ ಹುಲ್ಲನ್ನು ತುಳಿಯಬಾರದು. ಅದು ಯುದ್ಧದಲ್ಲಿ ಮಡಿದ ಆಗೀಗಳ ಸ್ಮಾರಕ. ಪಂದ್ಯದ ಮುನ್ನ ಆವರಣದಲ್ಲಿ ಬೃಹತ್ ಸೌದೆಯ ರಾಶಿಗೆ ಬೆಂಕಿ ಹಚ್ಚುತ್ತಿದ್ದ ಸಂಪ್ರದಾಯದ ಬಗ್ಗೆ ಹಗುರವಾಗಿ ಮಾತನಾಡಲೇಬಾರದು. 1999ರ ನವೆಂಬರ್ 18ರ ನಸುಕಿನಲ್ಲಿ, ಕಟ್ಟುತ್ತಿದ್ದ ಮರದ ದಿಮ್ಮಿಗಳ ರಾಶಿ ಕುಸಿದು ಹನ್ನೆರಡು ಮಂದಿ ತೀರಿಕೊಂಡರು. ಅದೇ ಸ್ಥಳದಲ್ಲಿ ಈಗ ಹನ್ನೆರಡು ಬಾಗಿಲುಗಳ ಸ್ಮಾರಕವಿದೆ. ಪ್ರತಿ ಬಾಗಿಲೂ ಒಬ್ಬೊಬ್ಬರ ಹುಟ್ಟೂರಿನ ದಿಕ್ಕಿಗೆ ತೆರೆದಿದೆ. ಬಿಡುವು ಮಾಡಿಕೊಂಡು ಅಲ್ಲಿಗೆ ಹೋಗಿ ಬನ್ನಿ.

ಊರಿನಲ್ಲಿ ಉಳಿದವರು ಸಮಯದ ಲೆಕ್ಕ ಇಟ್ಟುಕೊಳ್ಳಬೇಕು. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ನಾವು ಟೆಕ್ಸಸ್‌ಗಿಂತ ಹತ್ತೂವರೆ ಗಂಟೆ ಮುಂದಿರುತ್ತೇವೆ. ಅವರ ಶನಿವಾರ ಬೆಳಗ್ಗೆ 11ರ ಪಂದ್ಯ ನಮಗೆ ರಾತ್ರಿ 9.30ಕ್ಕೆ, ಸಂಜೆ 6.30ರದ್ದು ಭಾನುವಾರ ಬೆಳಗ್ಗೆ 5ಕ್ಕೆ. ನವೆಂಬರಿನ ಮೊದಲ ಭಾನುವಾರ ಅಲ್ಲಿ ಗಡಿಯಾರ ಹಿಂದಕ್ಕೆ ಸರಿಯುವುದರಿಂದ ಆ ಬಳಿಕ ಇನ್ನೊಂದು ಗಂಟೆ ಸೇರಿಸಿರಿ. ಅಕ್ಕನ ಮನೆಯವರು ಅಂಥ ಬೆಳಗಿನಲ್ಲಿ ಜಗಲಿಯಲ್ಲಿ ಮೊಬೈಲನ್ನು ತಂಬಿಗೆಗೆ ಆನಿಸಿಟ್ಟು, ಆ ಲಕ್ಷ ಜನರ ನಡುವೆ ಮಗನನ್ನು ಹುಡುಕುತ್ತಿದ್ದರು.

ಫುಟ್‌ಬಾಲ್‌ಗೆ ಟಿಕೆಟ್ ಸಿಗದಿದ್ದರೆ ನಿರಾಶರಾಗಬೇಡಿ. ಮಹಿಳಾ ಬಾಸ್ಕೆಟ್‌ಬಾಲ್ ತಂಡ 2011ರ ರಾಷ್ಟ್ರೀಯ ಚಾಂಪಿಯನ್; ಬೇಸ್‌ಬಾಲ್ ಮೈದಾನದಲ್ಲಿ ಎದುರಾಳಿ ಎಸೆತಗಾರ ನಾಲ್ಕು ತಪ್ಪು ಎಸೆತ ಹಾಕಿದೊಡನೆ ಜನ ‘ಬಾಲ್ ಫೈವ್’ ಎಂದು ಎಣಿಕೆ ಮುಂದುವರಿಸುವುದನ್ನು ಕೇಳಲಾದರೂ ಹೋಗಬೇಕು.

ಪಂದ್ಯ ಮುಗಿದ ತಕ್ಷಣ ಹೊರಡಬೇಡಿ. ಗೆದ್ದರೆ ಮೊದಲ ವರ್ಷದ ಕೆಡೆಟ್‌ಗಳು (ಸೈನಿಕ ತರಬೇತಿಯ ವಿದ್ಯಾರ್ಥಿಗಳು) ಯೆಲ್ ಲೀಡರ್‌ಗಳನ್ನು ಅಟ್ಟಿಸಿಕೊಂಡು ಹೋಗಿ ಹೊತ್ತು ತಂದು ಫಿಶ್ ಪಾಂಡ್ ಎಂಬ ಕಾರಂಜಿಯ ನೀರಿಗೆ ಹಾಕುತ್ತಾರೆ. ಸೋತರೆ ವಿದ್ಯಾರ್ಥಿಗಳು ನಿಂತಲ್ಲೇ ನಿಂತು ಮುಂದಿನ ಪಂದ್ಯದ ಕೂಗನ್ನು ಅಭ್ಯಾಸ ಮಾಡುತ್ತಾರೆ. ಅದನ್ನು ಮುಗಿಸಿ ಉತ್ತರದ ಕಡೆಯಿಂದ ಹೊರಬಂದರೆ, ತಂಡದ ಲಾಂಛನವಾದ ರೆವೆಲಿ ಎಂಬ ಹೆಸರಿನ ನಾಯಿಗಳ ಸಮಾಧಿಗಳು ಕಾಣುತ್ತವೆ. ಮೊದಲ ರೆವೆಲಿ 1931ರಲ್ಲಿ ಬಂದಳು. ಅಂಕಫಲಕ ಕಾಣುವಂತೆ ಅವುಗಳ ಮುಖವನ್ನು ಮೈದಾನದತ್ತ ಮಾಡಿ ಮಣ್ಣು ಮಾಡಿದ್ದರು. ಮುಂದೆ ಕಟ್ಟಡ ಬೆಳೆದು ಆ ನೋಟಕ್ಕೆ ಅಡ್ಡವಾದಾಗ, ಸಮಾಧಿಗಳಿಗೆ ಕಾಣಲೆಂದೇ ಹೊರಗೆ ಇನ್ನೊಂದು ಚಿಕ್ಕ ಅಂಕಫಲಕವನ್ನು ನಿಲ್ಲಿಸಿದರು.