ಇಂಗ್ಲೆಂಡಿನಲ್ಲಿ ಪೊಲೀಸ್ ಮುಖ್ಯಸ್ಥರ ಮೇಲೆ ದೂರು ಕೊಡುವುದು ಹೇಗೆ?

ಈ ಸಲ ರಜೆಗೆ ತೀರ್ಥಹಳ್ಳಿಗೆ ಬಂದಾಗ ಮನೆಯಲ್ಲಿ ಅಡಿಕೆ ಸುಲಿಯುವ ಗಡಿಬಿಡಿ. ಮೆಟ್ಟುಗತ್ತಿ ಮುಂದೆ ಕೂತಿದ್ದ ಚಿಕ್ಕಪ್ಪ ತಲೆಯೆತ್ತದೇ ಕೇಳಿದರು: "ನಿಮ್ಮಲ್ಲಿ ಪೊಲೀಸ್ ಸಾಹೇಬ್ರ ಮೇಲೂ ಕಂಪ್ಲೇಂಟ್ ಕೊಡಬೋದಂತೆ, ಹೌದನಾ?" ಚೀಫ್ ಕಾನ್‌ಸ್ಟೇಬಲ್ ಮೇಲೂ ಕೊಡಬಹುದು ಅಂದೆ. "ಕಾನ್‌ಸ್ಟೇಬಲ್ ಮೇಲೆ ಕೊಡೋದು ಎಂಥ ದೊಡ್ಡ ವಿಷ್ಯ ಮಾರಾಯ!" ಅಂತ ನಕ್ಕರು.

ಅವರ ತಪ್ಪಿಲ್ಲ. ನಮ್ಮ ಕಿವಿಗೆ ಅದು ದಫೇದಾರರ ಹುದ್ದೆಯ ಹಾಗೆ ಕೇಳಿಸುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಪ್ರದೇಶವಾರು 43 ಪೊಲೀಸ್ ಪಡೆಗಳಿವೆ, ಹೆಚ್ಚಿನವಕ್ಕೆ ಚೀಫ್ ಕಾನ್‌ಸ್ಟೇಬಲ್ಲೇ ಯಜಮಾನ. ಇನ್ನು 'ಪೊಲೀಸ್ ಅಂಡ್ ಕ್ರೈಮ್ ಕಮಿಷನರ್' ಅಂದರೆ ಖಾಕಿ ಹಾಕಿದ ಅಧಿಕಾರಿಯಲ್ಲ, ಜನ ಓಟು ಹಾಕಿ ಆರಿಸಿದ ವ್ಯಕ್ತಿ. 2012ರಿಂದ ಈ ಹುದ್ದೆ ಇದೆ. ಲಂಡನ್ನಿನ ಮೆಟ್ರೋಪಾಲಿಟನ್ ಪೊಲೀಸಿನ ಮುಖ್ಯಸ್ಥರನ್ನೂ ಕಮಿಷನರ್ ಅಂತಲೇ ಕರೆಯುತ್ತಾರೆ, ಆದರೆ ಅವರು ನಿಜವಾದ ಪೊಲೀಸರೇ. ಈ ಹೆಸರುಗಳ ಗೋಜಲು ಬಿಡಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ನಮ್ಮೂರ ಅರ್ಜಿಯ ಅಭ್ಯಾಸ ನಿಮಗೆ ಗೊತ್ತೇ ಇದೆ. ಕೆಳಗೆ 'ಪ್ರತಿಗಳು' ಅಂತ ಬರೆದು ಮುಖ್ಯಮಂತ್ರಿ, ಗೃಹಮಂತ್ರಿ, ಡಿಸಿ, ಎಸ್ಪಿ, ಕೊನೆಗೊಂದು ಪತ್ರಿಕೆ. ಅಲ್ಲಿ ಅದರಿಂದ ಏನೂ ಗಿಟ್ಟುವುದಿಲ್ಲ. ಚೀಫ್ ಕಾನ್‌ಸ್ಟೇಬಲ್ ಮೇಲಿನ ದೂರು ಆ ಪ್ರದೇಶದ ಚುನಾಯಿತ ಕಮಿಷನರ್ ಕಚೇರಿಗೆ ಹೋಗಬೇಕು. ಗ್ರೇಟರ್ ಮ್ಯಾಂಚೆಸ್ಟರಿನಂಥ ಕೆಲವು ಕಡೆ ಮೇಯರ್ ಕಚೇರಿಗೆ, ಲಂಡನ್ನಿನ ಮೆಟ್ ಕಮಿಷನರ್ ಮೇಲಾದರೆ ಮೇಯರ್ ಕೈಕೆಳಗಿನ ಪೊಲೀಸ್ ಕಚೇರಿ 'ಮೋಪ್ಯಾಕ್'ಗೆ. ಉಳಿದ ಅಧಿಕಾರಿಗಳ ಮೇಲಿನದು ಆಯಾ ಪಡೆಯಲ್ಲಿ ಸಿಬ್ಬಂದಿಯ ನಡತೆ ನೋಡುವ ಪ್ರೊಫೆಶನಲ್ ಸ್ಟ್ಯಾಂಡರ್ಡ್ಸ್ ವಿಭಾಗಕ್ಕೆ. (ಈ ಚುನಾಯಿತ ಕಮಿಷನರ್ ಹುದ್ದೆಯನ್ನೇ 2028ರ ಮೇ ತಿಂಗಳಲ್ಲಿ ತೆಗೆಯುವುದಾಗಿ ಸರ್ಕಾರ ಹೇಳಿದೆ. ಆಮೇಲೆ ಬರೆಯುವವರು ವಿಳಾಸ ಮತ್ತೆ ನೋಡಿಕೊಳ್ಳಿ.)

ನಮ್ಮವರು ಎಡವುವುದು ಇಲ್ಲೇ. ಠಾಣೆಯಲ್ಲಿ ಯಾರೋ ಉಡಾಫೆ ಮಾಡಿದರೆ, ದೊಡ್ಡವರ ಹೆಸರಿಗೇ ಹಾಕಿದರೆ ಬಿಸಿ ಮುಟ್ಟುತ್ತದೆ ಅಂದುಕೊಳ್ಳುತ್ತೇವೆ. ಮುಖ್ಯಸ್ಥರು ಸ್ವತಃ ಏನಾದರೂ ಮಾಡಿದ್ದರೆ ಅಥವಾ ಮಾಡಬೇಕಾದ್ದನ್ನು ಬಿಟ್ಟಿದ್ದರೆ ಮಾತ್ರ ಅದು ಅವರ ಮೇಲಿನ ದೂರು. ಅವರಿಗೆ ಬರೆದ ಪತ್ರಕ್ಕೆ ಕೆಳಗಿನವರು ಬೇಜವಾಬ್ದಾರಿಯಿಂದ ಉತ್ತರಿಸಿದರೆ ದೂರು ಕೆಳಗಿನವರ ಮೇಲೆಯೇ. ಹಾಗಾಗಿ ಅವರು ಏನು ಮಾಡಿದರು, ಯಾವತ್ತು, ನಿಮಗೆ ಹೇಗೆ ಗೊತ್ತು ಎಂಬ ಮೂರನ್ನು ಮೊದಲ ಪ್ಯಾರಾದಲ್ಲೇ ಬರೆಯಿರಿ. 'ಘನತೆವೆತ್ತ' ಇತ್ಯಾದಿ ಬೇಡ.

ದೂರು ಗಂಭೀರವಾಗಿದ್ದರೆ ಕಮಿಷನರ್ ಅದನ್ನು ಐಒಪಿಸಿಗೆ (ಇಂಡಿಪೆಂಡೆಂಟ್ ಆಫೀಸ್ ಫಾರ್ ಪೊಲೀಸ್ ಕಂಡಕ್ಟ್) ಒಪ್ಪಿಸಲೇಬೇಕು. ಪೊಲೀಸರ ನಡತೆ ನೋಡುವ ಈ ಸ್ವತಂತ್ರ ಸಂಸ್ಥೆ 2018ರಲ್ಲಿ ಈ ಹೆಸರು ಪಡೆಯಿತು. ಇದೆಲ್ಲ ಕಾಗದದ ಮೇಲಿನ ಮಾತು ಅಂತ ನಾನೂ ಅಂದುಕೊಂಡಿದ್ದೆ, ನಾರ್ಥಾಂಪ್ಟನ್‌ಶೈರ್ ಪ್ರಕರಣ ಓದುವವರೆಗೆ. ಅಲ್ಲಿನ ಚೀಫ್ ಕಾನ್‌ಸ್ಟೇಬಲ್ ಎದೆಯ ಮೇಲೆ ಫಾಕ್‌ಲ್ಯಾಂಡ್ಸ್ ಯುದ್ಧದ ಪದಕ ತೊಟ್ಟು ಓಡಾಡುತ್ತಿದ್ದರು. ಆ ಯುದ್ಧ ನಡೆದದ್ದು 1982ರಲ್ಲಿ, ಆಗ ಅವರಿಗೆ 15 ವರ್ಷ! ನೌಕಾಪಡೆಯಲ್ಲಿ ಇದ್ದದ್ದು ಎರಡು ವರ್ಷ, ಹೇಳಿಕೊಂಡದ್ದು ಅದಕ್ಕಿಂತ ಎಷ್ಟೋ ಹೆಚ್ಚು. ದೂರು ಬಂತು, ಕಮಿಷನರ್ ಐಒಪಿಸಿಗೆ ಕಳಿಸಿದರು, ಅಮಾನತಾಯಿತು, ವಿಚಾರಣೆಯಾಗಿ 2024ರ ಜೂನ್‌ನಲ್ಲಿ ಕೆಲಸದಿಂದ ವಜಾ. ಹೀಗೆ ವಜಾ ಆದವರ ಹೆಸರು ಪೊಲೀಸ್ ವೃತ್ತಿಯ ಮಾನದಂಡ ನೋಡುವ ಸಂಸ್ಥೆ ಕಾಲೇಜ್ ಆಫ್ ಪೊಲೀಸಿಂಗ್‌ನ ನಿಷೇಧಿತರ ಪಟ್ಟಿಗೆ ಸೇರುತ್ತದೆ, ಮತ್ತೆ ಯಾವ ಪಡೆಯಲ್ಲೂ ಕೆಲಸವಿಲ್ಲ.

ದೂರು ಕೊಡಲು ಅಲ್ಲಿನ ಪ್ರಜೆಯಾಗಿರಬೇಕಿಲ್ಲ, ವೀಸಾದಲ್ಲಿರುವವರೂ ಕೊಡಬಹುದು. ವಕೀಲರೂ ಬೇಕಿಲ್ಲ, ಶುಲ್ಕವೂ ಇಲ್ಲ. ಆದರೆ ಶಿವಮೊಗ್ಗದಲ್ಲಿ ಕೂತ ಅಪ್ಪ ಮಗನ ಪರವಾಗಿ ಬರೆಯುವುದಾದರೆ ಮಗನ ಲಿಖಿತ ಒಪ್ಪಿಗೆ ಜೊತೆಗಿಡಬೇಕು. ಬರೀ ಟಿವಿಯಲ್ಲಿ ನೋಡಿ ಸಿಟ್ಟು ಬಂತು ಅಂದರೆ ಆಗದು. ನಿಮಗೆ ಆದದ್ದು, ನೀವು ಕಣ್ಣಾರೆ ಕಂಡದ್ದು ಅಥವಾ ನಿಮಗೆ ತೊಂದರೆ ತಂದದ್ದಿರಬೇಕು. ಪರಿಹಾರದ ಹಣಕ್ಕೆ ದಾರಿ ಬೇರೆ. ಸ್ಕಾಟ್ಲೆಂಡ್, ಉತ್ತರ ಐರ್ಲೆಂಡಿನ ವ್ಯವಸ್ಥೆಯೂ ಬೇರೆಯೇ.

ಕಮಿಷನರ್ ಕಚೇರಿಯ ತೀರ್ಮಾನ ಸರಿ ಕಾಣದಿದ್ದರೆ ಮರುಪರಿಶೀಲನೆಗೆ ಐಒಪಿಸಿಗೆ ಬರೆಯಬಹುದು, ಗಡುವು 28 ದಿನ. ಎಣಿಕೆ ಶುರುವಾಗುವುದು ಪತ್ರದ ಮೇಲಿನ ತಾರೀಖಿನ ಮಾರನೇ ದಿನದಿಂದ, ನೀವು ಊರಿಂದ ವಾಪಸ್ ಹೋಗಿ ಲಕೋಟೆ ಒಡೆದ ದಿನದಿಂದಲ್ಲ. ಅಡಿಕೆ ಕೊಯ್ಲಿಗೆ ಅಂತ ಆರು ವಾರ ಬಂದು ಕೂರುವವರು ದೂರಿನಲ್ಲಿ ಇಮೇಲ್ ವಿಳಾಸವನ್ನೇ ಕೊಟ್ಟಿರಿ.