ಒಂಟಿಯಾಗಿ ಥಾಯ್ಲೆಂಡ್‌ಗೆ: ಮೊದಲು ಮಳೆ ನೋಡಿ, ಆಮೇಲೆ ಟಿಕೆಟ್

ಥಾಯ್ಲೆಂಡ್‌ಗೆ ಒಬ್ಬರೇ ಹೋಗಿಬರುವುದು ಅಂಥ ಸಾಹಸವೇನೂ ಅಲ್ಲ. ಬೆಂಗಳೂರಿನಿಂದ ಬ್ಯಾಂಕಾಕ್‌ಗೆ ನೇರ ವಿಮಾನವಿದೆ, ಹಾರಾಟ ಹೆಚ್ಚುಕಡಿಮೆ ನಾಲ್ಕು ಗಂಟೆಯದು. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಮುಂದಿರುವುದರಿಂದ ನಿದ್ದೆಯೂ ಕೆಡುವುದಿಲ್ಲ. ಆದರೂ ಹೋಗಿಬಂದವರಲ್ಲಿ ಕೆಲವರು 'ದ್ವೀಪದಲ್ಲಿ ಬರೀ ಮಳೆ, ದೋಣಿಯೇ ಬಿಡಲಿಲ್ಲ' ಎಂದು ಗೊಣಗುವುದನ್ನು ಕೇಳಿರುತ್ತೀರಿ. ಅಗ್ಗದ ಟಿಕೆಟ್ ಕಂಡ ಕೂಡಲೇ ಕೊಂಡು, ಅದು ಯಾವ ತಿಂಗಳು ಎಂದು ಆಮೇಲೆ ನೋಡಿದ್ದರ ಫಲ ಅದು. ಆದ್ದರಿಂದ ಈ ಲೇಖನ ಟಿಕೆಟ್‌ನಿಂದ ಅಲ್ಲ, ಕ್ಯಾಲೆಂಡರ್‌ನಿಂದ ಶುರುವಾಗುತ್ತದೆ.

ಹೆಜ್ಜೆ 1: ಕರಾವಳಿ ಒಂದನ್ನೇ ಆರಿಸಿಕೊಳ್ಳಿ

ಥಾಯ್ಲೆಂಡ್‌ನ ದಕ್ಷಿಣ ಭಾಗ ಉದ್ದನೆಯ ಬಾಲದಂತೆ ಸಮುದ್ರಕ್ಕೆ ಇಳಿದಿದೆ. ಅದರ ಪಶ್ಚಿಮಕ್ಕೆ ಅಂಡಮಾನ್ ಸಮುದ್ರ: ಫುಕೆಟ್, ಕ್ರಾಬಿ, ಫಿ ಫಿ, ಕೋ ಲಾಂತಾ ಈ ಕಡೆ. ಪೂರ್ವಕ್ಕೆ ಥಾಯ್ಲೆಂಡ್ ಕೊಲ್ಲಿ: ಕೋ ಸಮುಯಿ, ಕೋ ಫಂಗನ್, ಕೋ ತಾವ್ ಆ ಕಡೆ. ಹೆಸರಿನ ಮುಂದಿನ 'ಕೋ' ಎಂದರೆ ದ್ವೀಪ.

ಈ ಎರಡು ದಡಗಳ ಮಳೆಗಾಲ ಒಂದೇ ಅಲ್ಲ. ಕಾರಣ ನಮಗೆ ಹೊಸದೇನಲ್ಲ. ಮಂಗಳೂರನ್ನು ತೋಯಿಸುವ ನೈಋತ್ಯ ಮಾರುತವೇ ಅಂಡಮಾನ್ ದಡವನ್ನೂ ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ತೋಯಿಸುತ್ತದೆ. ಅದು ಹಿಂದೆ ಸರಿದ ಮೇಲೆ, ಚೆನ್ನೈಗೆ ಹಿಂಗಾರು ಬೀಳುವ ದಿನಗಳಲ್ಲೇ, ಈಶಾನ್ಯ ಮಾರುತ ಕೊಲ್ಲಿಯ ದ್ವೀಪಗಳ ಮೇಲೆ ಸುರಿಯುತ್ತದೆ. ಅಲ್ಲಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಮಳೆಯ ಆರ್ಭಟ, ಅದರಲ್ಲೂ ನವೆಂಬರ್ ಬಲು ಕೆಟ್ಟದು.

ಹಾಗಾಗಿ ಲೆಕ್ಕ ಸುಲಭ. ಬೇಸಿಗೆ ರಜೆ ಮುಗಿದ ಮೇಲೆ, ಜುಲೈ–ಆಗಸ್ಟ್‌ನಲ್ಲಿ ಹೋಗುವವರು ಕೊಲ್ಲಿಯ ಕಡೆ ಹೋಗಲಿ. ದೀಪಾವಳಿ ಕಳೆದು, ನವೆಂಬರ್ ಕೊನೆಯಿಂದ ಮಾರ್ಚ್ ಒಳಗೆ ಹೋಗುವವರಿಗೆ ಅಂಡಮಾನ್. ಫೆಬ್ರುವರಿ, ಮಾರ್ಚ್‌ನಲ್ಲಿ ಎರಡೂ ಕಡೆ ಚೆನ್ನ, ಆದರೆ ಆಗ ಉತ್ತರದ ಚಿಯಾಂಗ್ ಮಾಯ್ ಸುತ್ತ ಹೊಲ, ಕಾಡುಗಳಿಗೆ ಬೆಂಕಿ ಬಿದ್ದು ಊರೆಲ್ಲ ಹೊಗೆ. ಉಬ್ಬಸ ಇರುವವರು ಆಗ ಉತ್ತರಕ್ಕೆ ಹೋಗದಿರುವುದೇ ಒಳ್ಳೆಯದು. ಎರಡು ವಾರದಲ್ಲಿ ಎರಡೂ ಕರಾವಳಿ ಮುಗಿಸುತ್ತೇನೆ ಎನ್ನುವವರು ಸಮುದ್ರಕ್ಕಿಂತ ಹೆಚ್ಚು ವ್ಯಾನ್‌ಗಳ ಸೀಟನ್ನು ನೋಡಿ ಬರುತ್ತಾರೆ.

ಹೆಜ್ಜೆ 2: ಕಾಗದಪತ್ರ

ಭಾರತೀಯರಿಗೆ ಪ್ರವಾಸಕ್ಕೆ ವೀಸಾ ಇಲ್ಲದೆ ಒಳಗೆ ಬಿಡುವ ಪದ್ಧತಿ 2023ರ ನವೆಂಬರ್‌ನಲ್ಲಿ ಬಂತು. 2024ರ ಜುಲೈಯಲ್ಲಿ ಅವಧಿಯನ್ನು 60 ದಿನಕ್ಕೆ ಏರಿಸಿದರು. ಇಂಥ ನಿಯಮಗಳು ಬದಲಾಗುತ್ತಲೇ ಇರುತ್ತವೆ. ಟಿಕೆಟ್ ಕೊಳ್ಳುವ ದಿನವೇ ಥಾಯ್ ರಾಯಭಾರ ಕಚೇರಿಯ ಜಾಲತಾಣ ನೋಡಿ, ಗೆಳೆಯರ ಮಾತನ್ನು ನಂಬಬೇಡಿ.

2025ರ ಮೇ 1ರಿಂದ ಡಿಜಿಟಲ್ ಅರೈವಲ್ ಕಾರ್ಡ್ ಕಡ್ಡಾಯವಾಗಿದೆ. ಇಳಿಯುವ ದಿನಕ್ಕೆ ಮೂರು ದಿನ ಮೊದಲಿನಿಂದ ಥಾಯ್ ವಲಸೆ ಇಲಾಖೆಯ ಜಾಲತಾಣದಲ್ಲಿ ತುಂಬಬಹುದು. ಇದಕ್ಕೆ ಒಂದು ಪೈಸೆಯೂ ಶುಲ್ಕವಿಲ್ಲ. ಗೂಗಲ್‌ನಲ್ಲಿ ಹುಡುಕಿದರೆ ಸರ್ಕಾರದ್ದೇ ಎನ್ನುವ ಹಾಗೆ ಕಾಣುವ, ದುಡ್ಡು ಕೇಳುವ ತಾಣಗಳು ಎದುರಾಗುತ್ತವೆ. ಹಣ ಕೇಳಿತೆಂದರೆ ಅದು ಸರ್ಕಾರದ್ದಲ್ಲ ಎಂದು ತಿಳಿಯಿರಿ.

ವಾಪಸು ಟಿಕೆಟ್, ಮೊದಲ ರಾತ್ರಿಯ ವಸತಿಯ ರಸೀದಿ, ಖರ್ಚಿಗೆ ಹಣವಿದೆ ಎಂಬುದಕ್ಕೆ ದಾಖಲೆ, ಇವನ್ನು ಮುದ್ರಿಸಿ ಇಟ್ಟುಕೊಳ್ಳಿ. ಒಬ್ಬರೇ ಹೋಗುವ ಯುವಕರನ್ನು ವಲಸೆ ಅಧಿಕಾರಿಗಳು ಒಂದೆರಡು ಪ್ರಶ್ನೆ ಹೆಚ್ಚಿಗೆ ಕೇಳುವುದುಂಟು.

ದ್ವೀಪದಲ್ಲಿ ಸ್ಕೂಟರ್ ಓಡಿಸುವ ಆಸೆ ಇದ್ದರೆ ಹೊರಡುವ ಮೊದಲೇ ನಿಮ್ಮ ಆರ್‌ಟಿಒದಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಪಡೆಯಿರಿ. ಬಾಡಿಗೆ ಅಂಗಡಿಯವರು ಇದನ್ನು ಕೇಳುವುದಿಲ್ಲ, ಬಿದ್ದು ಆಸ್ಪತ್ರೆ ಸೇರಿದ ಮೇಲೆ ವಿಮೆಯವರು ಕೇಳುತ್ತಾರೆ. ದ್ವಿಚಕ್ರ ವಾಹನದ ಪರವಾನಗಿ ಇಲ್ಲದೆ ಓಡಿಸಿದವರ ಬಿಲ್ಲು ಕಟ್ಟಲು ವಿಮೆ ಕಂಪನಿಗಳು ಒಪ್ಪುವುದಿಲ್ಲ.

ಹೆಜ್ಜೆ 3: ಚೀಲ ಮತ್ತು ಹಣ

ಅಗ್ಗದ ವಿಮಾನಗಳಲ್ಲಿ ಕೈಚೀಲದ ಮಿತಿ 7 ಕಿಲೋ. ಅದರೊಳಗೇ ಮುಗಿಸಿ. ಅಲ್ಲಿ ಗಲ್ಲಿಗೊಂದು ಬಟ್ಟೆ ಒಗೆದುಕೊಡುವ ಅಂಗಡಿಯಿದೆ, ಕಿಲೋ ಲೆಕ್ಕದಲ್ಲಿ ಒಗೆದು ಮರುದಿನ ಮಡಿಸಿ ಕೊಡುತ್ತಾರೆ. ಒಂದು ತೆಳು ಪಂಚೆ ಮಾತ್ರ ಮರೆಯಬೇಡಿ. ಕಡಲ ದಂಡೆಯಲ್ಲಿ ಹಾಸಲು, ಎಸಿ ಬಸ್ಸಿನ ಕೊರೆತದಲ್ಲಿ ಹೊದೆಯಲು, ಸ್ನಾನದ ನಂತರ ಒರೆಸಿಕೊಳ್ಳಲು, ಎಲ್ಲಕ್ಕೂ ಅದೇ. ಹಾಸ್ಟೆಲ್‌ನ ಲಾಕರ್‌ಗೆ ಸ್ವಂತ ಬೀಗ ಬೇಕು. ಇ-ಸಿಗರೇಟು ಇದ್ದರೆ ಮನೆಯಲ್ಲೇ ಬಿಡಿ, ಆ ದೇಶದಲ್ಲಿ ಅದು ನಿಷಿದ್ಧ.

ಅಲ್ಲಿನ ಹಣ ಬಾಟ್. ಒಂದು ಬಾಟ್‌ಗೆ ಎರಡೂವರೆಯಿಂದ ಮೂರು ರೂಪಾಯಿ ಎಂದು ಲೆಕ್ಕ ಹಾಕಿಕೊಳ್ಳಿ. ವಿದೇಶಿ ಕಾರ್ಡ್ ಹಾಕಿದರೆ ಅಲ್ಲಿನ ಎಟಿಎಂಗಳು ಪ್ರತಿ ಸಲಕ್ಕೆ 220 ಬಾಟ್ ಅಥವಾ ಅದಕ್ಕಿಂತ ಹೆಚ್ಚು ಕಿತ್ತುಕೊಳ್ಳುತ್ತವೆ. ಆದ್ದರಿಂದ ಚೂರುಚೂರಾಗಿ ತೆಗೆಯಬೇಡಿ, ಒಮ್ಮೆಗೇ ದೊಡ್ಡ ಮೊತ್ತ ತೆಗೆಯಿರಿ. 'ರೂಪಾಯಿಗೆ ಪರಿವರ್ತಿಸಲೇ?' ಎಂದು ಪರದೆ ಕೇಳಿದರೆ ಬೇಡ ಎನ್ನಿ, ಇಲ್ಲದಿದ್ದರೆ ದರದಲ್ಲಿ ಇನ್ನೊಂದು ಪೆಟ್ಟು. ಡಾರ್ಮಿಟರಿ ಹಾಸಿಗೆ 300–500 ಬಾಟ್, ಬೀದಿಬದಿಯ ಊಟ 50–80. ನನ್ನ ಅಂದಾಜಿನಲ್ಲಿ ನಗರಗಳಲ್ಲಿ ದಿನಕ್ಕೆ 1,200 ಬಾಟ್‌ನಲ್ಲಿ ಆರಾಮಾಗಿ ಇರಬಹುದು, ದ್ವೀಪಗಳಲ್ಲಿ ಆ ಲೆಕ್ಕ ನಿಲ್ಲದು.

ಹೆಜ್ಜೆ 4: ಬ್ಯಾಂಕಾಕ್‌ನ ಮೊದಲ ಮೂರು ದಿನ

ಸುವರ್ಣಭೂಮಿ ವಿಮಾನ ನಿಲ್ದಾಣದಲ್ಲಿ ಸಮುದ್ರಮಥನದ ಬೃಹತ್ ಶಿಲ್ಪವಿದೆ, ಅದು ಕಾಣುವುದು ವಾಪಸು ಹೊರಡುವಾಗ. ಇಳಿದ ಮೇಲೆ ಪಾಸ್‌ಪೋರ್ಟ್ ತೋರಿಸಿ ಸಿಮ್ ಕೊಂಡು, ನೆಲಮಾಳಿಗೆಗೆ ಇಳಿದರೆ ಏರ್‌ಪೋರ್ಟ್ ರೈಲು. ಕೊನೆಯ ನಿಲ್ದಾಣ ಫಯಾ ಥಾಯ್‌ಗೆ 45 ಬಾಟ್, ಅರ್ಧ ಗಂಟೆಯೊಳಗೆ ಊರ ನಡುವೆ ಇರುತ್ತೀರಿ. ಇನ್ನೊಂದು ವಿಮಾನ ನಿಲ್ದಾಣ ಡಾನ್ ಮುವಾಂಗ್‌ನಲ್ಲಿ ಇಳಿದವರಿಗೆ ಕೆಂಪು ಮಾರ್ಗದ ರೈಲಿದೆ. ಟ್ಯಾಕ್ಸಿ ಬೇಕೇಬೇಕಾದರೆ ಗ್ರ್ಯಾಬ್ ಅಥವಾ ಬೋಲ್ಟ್ ಆ್ಯಪ್ ಬಳಸಿ.

ಬ್ಯಾಕ್‌ಪ್ಯಾಕರ್‌ಗಳ ಬೀದಿ ಎಂದೇ ಹೆಸರಾದ ಖಾವೋ ಸಾನ್‌ನಲ್ಲಿ ಉಳಿಯಬೇಕು ಎಂಬ ಹಟ ಬೇಡ. ರಾತ್ರಿ ಎರಡರವರೆಗೂ ಧ್ವನಿವರ್ಧಕ ಬಡಿಯುತ್ತದೆ, ಮೆಟ್ರೋ ದೂರ. ಒಂದು ಸಂಜೆ ಹೋಗಿ ನೋಡಿ ಬನ್ನಿ, ಸಾಕು. ಮಲಗಲು ಮೆಟ್ರೋ ಅಥವಾ ನದಿಯ ಹತ್ತಿರದ ಹಾಸ್ಟೆಲ್ ಹುಡುಕಿ. ಮಹಿಳೆಯರಿಗೆಂದೇ ಬೇರೆ ಡಾರ್ಮಿಟರಿ ಇರುವ ಹಾಸ್ಟೆಲ್‌ಗಳು ಬೇಕಾದಷ್ಟಿವೆ.

ಊರು ನೋಡಲು ಚಾವೋ ಫ್ರಯಾ ನದಿಯ ದೋಣಿಗಿಂತ ಒಳ್ಳೆಯ ವಾಹನವಿಲ್ಲ. ಕಿತ್ತಳೆ ಬಾವುಟದ ದೋಣಿ ಹತ್ತಿ, ಯಾವ ಕಟ್ಟೆಯಿಂದ ಯಾವ ಕಟ್ಟೆಗೆ ಹೋದರೂ ಒಂದೇ ದರ, ಇಪ್ಪತ್ತು ಬಾಟ್‌ನ ಒಳಗೆ. ಪ್ರವಾಸಿಗರಿಗೆಂದೇ ಇರುವ ನೀಲಿ ಬಾವುಟದ್ದಕ್ಕೆ ದರ ಹೆಚ್ಚು. ಗ್ರ್ಯಾಂಡ್ ಪ್ಯಾಲೇಸ್ ಎಂಬ ಅರಮನೆ ಮತ್ತು ಅದರೊಳಗಿನ ವಾತ್ ಫ್ರಾ ಕೇವ್ ದೇಗುಲಕ್ಕೆ ಪ್ರವೇಶ 500 ಬಾಟ್. ದುಬಾರಿಯೇ. ಆದರೆ ದೇಗುಲದ ಸುತ್ತಿನ ಪ್ರಾಕಾರದ ಗೋಡೆಗಳ ಮೇಲೆ ಇಡೀ ರಾಮಾಯಣ ಇದೆ, ಥಾಯ್ ರೂಪದ 'ರಾಮಕಿಯೆನ್'. ರಾಮನ ಬಿಡಾರವನ್ನೇ ಬಾಯೊಳಗೆ ಇಟ್ಟುಕೊಂಡು ಕಾಯುವ ದೈತ್ಯ ಹನುಮಂತ, ಜೊತೆಗೆ ಕಪಿಸೈನ್ಯ. ಗುಂಪುಗಳು ದೇಗುಲದೊಳಗಿನ ಪಚ್ಚೆ ಬುದ್ಧನ ವಿಗ್ರಹದ ಕಡೆ ನುಗ್ಗುವಾಗ ಈ ಗೋಡೆಗಳ ಮುಂದೆ ಯಾರೂ ಇರುವುದಿಲ್ಲ. ಮೊಣಕಾಲು, ಭುಜ ಮುಚ್ಚುವ ಬಟ್ಟೆ ಹಾಕಿ. ಅಲ್ಲಿಂದ ನಡೆದು ಥಾ ತಿಯೆನ್ ಕಟ್ಟೆಗೆ ಬಂದರೆ ಕೆಲವೇ ಬಾಟ್‌ಗೆ ನದಿ ದಾಟಿಸಿ ವಾತ್ ಅರುಣ್ ದೇಗುಲಕ್ಕೆ ಬಿಡುತ್ತಾರೆ.

ಅರಮನೆಯ ಗೋಡೆಯ ಪಕ್ಕದಲ್ಲಿ ಒಳ್ಳೆಯ ಇಂಗ್ಲಿಷ್ ಮಾತನಾಡುವ, ನೀಟಾಗಿ ಇಸ್ತ್ರಿ ಅಂಗಿ ತೊಟ್ಟ ವ್ಯಕ್ತಿಯೊಬ್ಬ ಬಂದು 'ಇವತ್ತು ಅರಮನೆ ಮುಚ್ಚಿದೆ, ಪೂಜೆ ನಡೀತಿದೆ, ಅಷ್ಟರಲ್ಲಿ ನಾಲ್ಕು ದೇವಸ್ಥಾನ ನೋಡಿ ಬನ್ನಿ, ಟುಕ್‌ಟುಕ್‌ಗೆ ಇಪ್ಪತ್ತೇ ಬಾಟ್' ಎನ್ನುತ್ತಾನೆ. ಟುಕ್‌ಟುಕ್, ಅಂದರೆ ಅಲ್ಲಿನ ಆಟೊ, ನಿಲ್ಲುವುದು ಹರಳಿನ ಅಂಗಡಿ, ದರ್ಜಿ ಅಂಗಡಿಗಳ ಮುಂದೆ. ದಶಕಗಳಿಂದ ನಡೆದುಬಂದ ಆಟ ಇದು. ನಗುತ್ತಾ ಮುಂದೆ ಹೋಗಿ ಟಿಕೆಟ್ ಕೌಂಟರ್‌ನಲ್ಲೇ ಕೇಳಿ. ಇಂಥ ತಕರಾರಿಗೆ ಪ್ರವಾಸಿ ಪೊಲೀಸರ ಸಂಖ್ಯೆ 1155.

ಹೆಜ್ಜೆ 5: ರಾತ್ರಿ ರೈಲು

ಚಿಯಾಂಗ್ ಮಾಯ್ ಬ್ಯಾಂಕಾಕ್‌ನಿಂದ ಉತ್ತರಕ್ಕೆ ಸುಮಾರು 750 ಕಿಲೋಮೀಟರ್. ವಿಮಾನ ಒಂದೂಕಾಲು ಗಂಟೆ. ನಾನಾದರೆ ರೈಲೇ ಹತ್ತುತ್ತೇನೆ: ಒಂದು ರಾತ್ರಿಯ ಬಾಡಿಗೆ ಉಳಿಯುತ್ತದೆ, ಒಬ್ಬರೇ ಹೋಗುವವರಿಗೆ ಮಾತಿಗೆ ಜನ ಸಿಗುತ್ತಾರೆ. 2023ರ ಜನವರಿಯಿಂದ ದೂರದ ರೈಲುಗಳು ಹಳೆಯ ಹುವಾ ಲಂಫೋಂಗ್ ಬದಲು ಕ್ರುಂಗ್ ಥೆಪ್ ಅಫಿವತ್ ಎಂಬ ಹೊಸ ನಿಲ್ದಾಣದಿಂದ ಹೊರಡುತ್ತವೆ. ಹಳೆಯ ಮಾಹಿತಿ ನಂಬಿ ತಪ್ಪು ನಿಲ್ದಾಣಕ್ಕೆ ಹೋಗಬೇಡಿ. ಟಿಕೆಟ್‌ಗಳನ್ನು ರೈಲ್ವೆಯ ಡಿ-ಟಿಕೆಟ್ ತಾಣದಲ್ಲಿ ವಾರಗಳ ಮೊದಲೇ ಕೊಳ್ಳಿ.

ಎರಡನೇ ದರ್ಜೆ ಸ್ಲೀಪರ್‌ನಲ್ಲಿ ಕೆಳಗಿನ ಬರ್ತ್‌ಗೆ ದರ ಸ್ವಲ್ಪ ಹೆಚ್ಚು, ಕೊಟ್ಟುಬಿಡಿ. ಅದು ಅಗಲವಾಗಿದೆ, ಕಿಟಕಿಯೂ ನಿಮ್ಮದೇ. ರೈಲು ಹೊರಟು ಸ್ವಲ್ಪ ಹೊತ್ತಿಗೆ ಡಬ್ಬಿಯ ಸಹಾಯಕ ಬಂದು ಎದುರುಬದುರು ಸೀಟುಗಳನ್ನು ಎಳೆದು ಜೋಡಿಸಿ, ತಲೆಯ ಮೇಲಿನ ಹಲಗೆ ಇಳಿಸಿ, ಬಿಳಿ ಹೊದಿಕೆ ಬಿಗಿಯಾಗಿ ಎಳೆದು, ಪರದೆ ತೂಗುಹಾಕಿ ಮುಂದಿನ ಸೀಟಿಗೆ ಹೋಗುತ್ತಾನೆ. ಕೈ ನಿಲ್ಲುವುದೇ ಇಲ್ಲ. ಪರದೆ ಎಳೆದುಕೊಂಡರೆ ಪುಟ್ಟ ಕೋಣೆ. ಎಸಿ ಮಾತ್ರ ಹಲ್ಲು ಕಡಿಸುವಷ್ಟು, ಪಂಚೆಯ ಮಾತು ಹೇಳಿದ್ದು ಇದಕ್ಕೇ. ರೈಲಿನಲ್ಲಿ ಮದ್ಯ ನಿಷೇಧ.

ಚಿಯಾಂಗ್ ಮಾಯ್‌ನ ಹಳೆಯ ಊರು ಕಂದಕ ಸುತ್ತುವರಿದ ಚೌಕ. ಎಲ್ಲವೂ ನಡಿಗೆಯ ದೂರ. ಭಾನುವಾರ ಸಂಜೆ ಅಲ್ಲಿರುವಂತೆ ನೋಡಿಕೊಳ್ಳಿ, ಮುಖ್ಯ ಬೀದಿಯಲ್ಲಿ ವಾಹನ ನಿಲ್ಲಿಸಿ ಸಂತೆ ಹಾಕುತ್ತಾರೆ. ದೋಯಿ ಸುಥೆಪ್ ಬೆಟ್ಟಕ್ಕೆ ಕೆಂಪು ಸೊಂಗ್‌ಥೇವ್‌ಗಳು ಹೋಗುತ್ತವೆ: ಹಿಂದೆ ಎದುರುಬದುರು ಬೆಂಚು ಇರುವ ಪಿಕಪ್ ಗಾಡಿ ಅದು, ಜನ ತುಂಬಿದ ಮೇಲೆಯೇ ಹೊರಡುವುದು. ಮೇಲಿನ ದೇಗುಲಕ್ಕೆ ಇಕ್ಕೆಲದಲ್ಲೂ ನಾಗಗಳಿರುವ ಮುನ್ನೂರಕ್ಕೂ ಹೆಚ್ಚು ಮೆಟ್ಟಿಲು. ಸಮಯ ಕಡಿಮೆ ಇದ್ದರೆ ಉತ್ತರ ಬಿಟ್ಟು ಅಯುತ್ಥಯಕ್ಕೆ ಹೋಗಿ. ಬ್ಯಾಂಕಾಕ್‌ನಿಂದ ಸಾಮಾನ್ಯ ರೈಲಿನಲ್ಲಿ ಒಂದೂವರೆ ಗಂಟೆ. 1767ರಲ್ಲಿ ಬರ್ಮಾದ ಸೈನ್ಯ ಸುಟ್ಟ ರಾಜಧಾನಿ. ಹಂಪಿ ನೋಡಿದ ಕಣ್ಣಿಗೆ ಹೆಚ್ಚು ವಿವರಣೆ ಬೇಕಿಲ್ಲ. ಮರದ ಬೇರಿನಲ್ಲಿ ಸಿಕ್ಕಿಕೊಂಡ ಬುದ್ಧನ ತಲೆಯ ಎದುರು ಫೋಟೊ ತೆಗೆಸಿಕೊಳ್ಳುವವರು ಕುಳಿತುಕೊಳ್ಳಬೇಕು, ನಿಮ್ಮ ತಲೆ ಅದಕ್ಕಿಂತ ಮೇಲಿರಬಾರದು.

ಹೆಜ್ಜೆ 6: ದ್ವೀಪಗಳಿಗೆ

ಕೊಲ್ಲಿಯ ಕಡೆ ಆರಿಸಿಕೊಂಡವರು ಬ್ಯಾಂಕಾಕ್‌ನಿಂದ ರಾತ್ರಿ ರೈಲಿನಲ್ಲಿ ಚುಂಫೋನ್‌ಗೆ ಇಳಿದು, ಬಸ್ಸಿನಲ್ಲಿ ದೋಣಿಕಟ್ಟೆ ತಲುಪಿ, ಕ್ಯಾಟಮರಾನ್ ಎಂಬ ಜೋಡಿ ಒಡಲಿನ ವೇಗದ ದೋಣಿ ಹತ್ತಬೇಕು. ಬಸ್ಸು, ದೋಣಿ ಸೇರಿಸಿದ ಒಂದೇ ಟಿಕೆಟ್ ಸಿಗುತ್ತದೆ. ಮೊದಲು ಕೋ ತಾವ್, ಆಮೇಲೆ ಕೋ ಫಂಗನ್, ಕೊನೆಗೆ ಸಮುಯಿ, ಎಲ್ಲ ಒಂದೇ ಸಾಲಿನಲ್ಲಿವೆ. ಪುಟ್ಟ ಕೋ ತಾವ್ ಡೈವಿಂಗ್ ಕಲಿಯಲು ಬಂದವರ ಊರು. 18 ಮೀಟರ್ ಆಳದವರೆಗೆ ಇಳಿಯಲು ಅರ್ಹತೆ ಕೊಡುವ ತರಬೇತಿ ಮೂರು–ನಾಲ್ಕು ದಿನದ್ದು. ಒಂಟಿ ಪ್ರಯಾಣಿಕರಿಗೆ ಇದಕ್ಕಿಂತ ಸುಲಭವಾಗಿ ಗೆಳೆಯರನ್ನು ಕೊಡುವ ಜಾಗ ಇನ್ನೊಂದಿಲ್ಲ, ಒಂದೇ ಕಡಲಲ್ಲಿ ಒಟ್ಟಿಗೆ ಉಪ್ಪುನೀರು ಕುಡಿದವರು ಸಂಜೆ ಊಟಕ್ಕೂ ಒಟ್ಟಿಗೇ ಹೋಗುತ್ತಾರೆ. ಡೈವಿಂಗ್ ಆದ ಮೇಲೆ ಕನಿಷ್ಠ 18 ಗಂಟೆ ವಿಮಾನ ಹತ್ತುವಂತಿಲ್ಲ. ಕೋ ಫಂಗನ್‌ನ ಹುಣ್ಣಿಮೆ ಪಾರ್ಟಿ ಬೇಡವೆಂದಿದ್ದರೆ ಆ ದಿನಗಳಲ್ಲಿ ಅತ್ತ ಸುಳಿಯಬೇಡಿ, ಹಾಸಿಗೆ ದರ ಏರಿರುತ್ತದೆ.

ಅಂಡಮಾನ್ ಕಡೆಯವರಿಗೆ ಕ್ರಾಬಿಯೇ ಒಳ್ಳೆಯ ಬಾಗಿಲು, ಫುಕೆಟ್‌ಗಿಂತ ಅಗ್ಗ, ಗದ್ದಲವೂ ಕಡಿಮೆ. ಅಲ್ಲಿನ ಆವೋ ನಾಂಗ್ ದಂಡೆಯಿಂದ ರೈಲೇಗೆ ದೋಣಿಯೊಂದೇ ದಾರಿ. 'ರೈಲೇ' ಊರಿನ ಹೆಸರು, ಅಲ್ಲಿ ರೈಲೂ ಇಲ್ಲ, ರಸ್ತೆಯೂ ಇಲ್ಲ. ಸುಣ್ಣಕಲ್ಲಿನ ಬಂಡೆಗಳು ಆ ಜಾಗಕ್ಕೆ ಅಡ್ಡ ನಿಂತಿವೆ. ಮೋಟಾರಿನ ದಂಡ ಮಾರುದ್ದ ಹಿಂದಕ್ಕೆ ಚಾಚಿದ ಮರದ ದೋಣಿ, ಇಷ್ಟು ಜನ ಸೇರಲಿ ಎಂದು ದಡದಲ್ಲೇ ತೂಗಾಡುತ್ತಿರುತ್ತದೆ. ಹತ್ತುವಾಗ ಮೊಣಕಾಲವರೆಗೆ ನೀರಿಗಿಳಿಯಬೇಕು, ಚೀಲವನ್ನು ತಲೆಯ ಮೇಲೆ ಎತ್ತಿಕೊಳ್ಳಬೇಕು. ಮೊಬೈಲ್, ಪಾಸ್‌ಪೋರ್ಟ್ ಪ್ಲಾಸ್ಟಿಕ್ ಚೀಲದಲ್ಲಿರಲಿ. ಫಿ ಫಿಯ ಮಾಯಾ ಕೊಲ್ಲಿಯನ್ನು ಪ್ರವಾಸಿಗರ ಹಾವಳಿಯಿಂದ ಹವಳ ಸತ್ತಿದ್ದಕ್ಕೆ 2018ರಲ್ಲಿ ಮುಚ್ಚಿ 2022ರ ಜನವರಿಯಲ್ಲಿ ತೆರೆದರು. ಈಗ ಅಲ್ಲಿ ಈಜುವಂತಿಲ್ಲ. ಜನಜಂಗುಳಿಗೆ ಬೇಸತ್ತವರು ಕೋ ಲಾಂತಾಗೆ ಹೋಗಲಿ.

ಸ್ಕೂಟರ್ ಬಾಡಿಗೆಗೆ ಪಾಸ್‌ಪೋರ್ಟ್ ಒತ್ತೆ ಕೇಳಿದರೆ ಕೊಡಬೇಡಿ, ನಗದು ಠೇವಣಿಗೆ ಒಪ್ಪುವ ಅಂಗಡಿ ಹುಡುಕಿ. ಕೀಲಿ ತೆಗೆದುಕೊಳ್ಳುವ ಮುನ್ನ ಗಾಡಿಯ ಸುತ್ತ ವಿಡಿಯೊ ಮಾಡಿ, ಹಳೆಯ ಗೀರುಗಳು ಅದರಲ್ಲಿ ಕಾಣಲಿ. ದಂಡೆಯಲ್ಲಿ ಕೆಂಪು ಬಾವುಟವಿದ್ದರೆ ಗೋಕರ್ಣದಲ್ಲಿ ಈಜಿದವರೂ ನೀರಿಗೆ ಇಳಿಯಬಾರದು.

ಸಸ್ಯಾಹಾರಿಗಳಿಗೆ

'ವೆಜ್' ಎಂದರೆ ಮಾಂಸ ತೆಗೆದು ಮೀನಿನ ಸಾಸ್ ಹಾಗೇ ಉಳಿಸಿ ಕೊಡುತ್ತಾರೆ. ಹೇಳಬೇಕಾದ್ದು 'ಕಿನ್ ಜೇ'. ಹಳದಿ ಬಾವುಟದ ಮೇಲೆ ಕೆಂಪಕ್ಷರ ಇರುವ ಅಂಗಡಿಗಳು ಜೇ ಊಟದವು: ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ. ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ನಮ್ಮ ಕಟ್ಟುನಿಟ್ಟಿನ ಮಡಿಯವರಿಗೂ ನಡೆಯುತ್ತದೆ. ಪಪ್ಪಾಯಿ ಕೋಸಂಬರಿಯಂಥ ಸೋಮ್ ತಮ್‌ನಲ್ಲಿ ಒಣಸೀಗಡಿ ಇರುತ್ತದೆ, ಕೇಳಿಯೇ ತಿನ್ನಿ. ಮಾವಿನಹಣ್ಣು, ತೆಂಗಿನ ಹಾಲಿನ ಅಂಟು ಅನ್ನಕ್ಕೆ ಯಾವ ವಿಚಾರಣೆಯೂ ಬೇಡ.

ಹಿಂದಿರುಗುವಾಗ

ದ್ವೀಪದಿಂದ ವಿಮಾನದ ದಿನವೇ ಹೊರಡಬೇಡಿ. ಗಾಳಿ ಎದ್ದರೆ ದೋಣಿ ನಿಲ್ಲುತ್ತದೆ, ವಿಮಾನ ಕಾಯುವುದಿಲ್ಲ. ಹಿಂದಿನ ದಿನವೇ ಬ್ಯಾಂಕಾಕ್‌ಗೆ ಬಂದಿರಿ. ಪುರಾತನ ಬುದ್ಧನ ವಿಗ್ರಹ ಎಂದು ಯಾರಾದರೂ ಮಾರಿದರೆ ಕೊಳ್ಳಬೇಡಿ, ವಿಗ್ರಹಗಳನ್ನು ದೇಶದಿಂದ ಹೊರಗೆ ಒಯ್ಯಲು ಅಲ್ಲಿನ ಲಲಿತಕಲಾ ಇಲಾಖೆಯ ಅನುಮತಿ ಬೇಕು.

ಬ್ಯಾಂಕಾಕ್‌ನಿಂದ ಬಂದಿಳಿದವರ ಚೀಲದಲ್ಲಿ ಹೈಡ್ರೋ ಗಾಂಜಾ ಸಿಕ್ಕಿತು ಎಂಬ ಸುದ್ದಿ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಪದೇ ಪದೇ ಬರುತ್ತಿದೆ. ಥಾಯ್ ಅಂಗಡಿಯಲ್ಲಿ ರಾಜಾರೋಷವಾಗಿ ಕಂಡದ್ದು ಇಲ್ಲಿ ಜೈಲು. ಒಂಟಿಯಾಗಿ ಬರುವವರನ್ನೇ ನೋಡಿ 'ಈ ಪೊಟ್ಟಣ ಬೆಂಗಳೂರಿನಲ್ಲಿ ನಮ್ಮವರಿಗೆ ಕೊಟ್ಟುಬಿಡಿ' ಎನ್ನುವವರು ಸಿಗಬಹುದು. ಹಾಸ್ಟೆಲ್‌ನಲ್ಲಿ ಪರಿಚಯವಾದ ಕನ್ನಡಿಗರೇ ಆದರೂ ಆಗುವುದಿಲ್ಲ ಎನ್ನಿ. ಚೀಲವನ್ನು ನೀವೇ ತುಂಬಿ, ನೀವೇ ಬೀಗ ಹಾಕಿ, ಕೌಂಟರ್‌ವರೆಗೂ ಕೈ ಬಿಡಬೇಡಿ.