ಕೀಮೋ ದಿನಗಳಲ್ಲಿ ಹೆಂಡತಿಗೆ ಊಟ ಸೇರಿಸಿದ್ದು ಹೀಗೆ

ಕೆಂಪು ಔಷಧಿ ಅಂದರೆ ಯಾವುದು ಅಂತ ಈ ದಾರಿಯಲ್ಲಿ ನಡೆದವರಿಗೆಲ್ಲ ಗೊತ್ತು: ಕ್ಯಾನ್ಸರಿಗೆ ನರದ ಮೂಲಕ ಕೊಡುವ ಕೆಂಪು ಬಣ್ಣದ ಕೀಮೋ. ಮೊದಲ ಸಲ ಅದು ಹೋದ ಮೇಲೆ ನನ್ನ ಹೆಂಡತಿ ನಾಲ್ಕೈದು ದಿನ ಎಳನೀರು ಬಿಟ್ಟು ಏನೂ ಮುಟ್ಟಲಿಲ್ಲ. ಮೂರು ಕೆಜಿಯಷ್ಟು ಇಳಿದಳು. ಮಾತ್ರೆಯಿಂದ ವಾಂತಿ ನಿಂತಿತ್ತು, ಊಟ ಮಾತ್ರ ಸೇರುತ್ತಿರಲಿಲ್ಲ.

ದುಡ್ಡು ಸುರಿದೆ. ಪ್ರೋಟೀನ್ ಪುಡಿ ಡಬ್ಬಿಗೆ ಸುಮಾರು ಸಾವಿರದ ಇನ್ನೂರು. ಎರಡು ಡಬ್ಬಿ ಹಾಗೇ ಗಟ್ಟಿಯಾದವು. ನೆಂಟರು ಗೋಧಿ ಹುಲ್ಲಿನ ರಸ ತಂದರು. ಬಿಳಿ ರಕ್ತಕಣ ಕಮ್ಮಿಯಾಗಿ ಸೋಂಕು ಬೇಗ ತಗಲುವ ದಿನಗಳಲ್ಲಿ ಹಸಿ ರಸ ಬೇಡ ಅಂತ ನಾನೇ ತಡೆದೆ.

ಒಂದು ದಿನ ಕುಕ್ಕರ್ ಕೂಗಿದ ಕೂಡಲೇ ಅವಳು ಸೆರಗು ಮೂಗಿಗೆ ಒತ್ತಿಕೊಂಡು ಎದ್ದು ಹೋದಳು. ಅಕ್ಕಿ ಬೇಯುವ ವಾಸನೆ! ಅವತ್ತೇ ಒಲೆಯನ್ನು ಹಿತ್ತಿಲಿಗೆ ಸಾಗಿಸಿದೆ. ಮನೆಯೊಳಗೆ ಒಗ್ಗರಣೆ ಬಂದ್. ಊಟ ಪೂರ್ತಿ ಆರಿದ ಮೇಲೆ, ಕೆಲವು ಫ್ರಿಜ್ಜಿನಿಂದ ತೆಗೆದು ಕೊಟ್ಟೆ. ತಣ್ಣಗಿದ್ದರೆ ವಾಸನೆ ಏಳುವುದಿಲ್ಲ, ಅಷ್ಟೇ ಗುಟ್ಟು.

"ತಣ್ಣಗಿರೋದು ತಿನ್ನಿಸ್ತೀರಾ? ಬಿಸಿ ಗಂಜಿ ಕೊಡಿ" ಅಂತ ಅತ್ತೆ ಅತ್ತೇಬಿಟ್ಟರು. ನಾನು ಬಗ್ಗಲಿಲ್ಲ. ಅಂದೇ ಬೇಯಿಸಿದ ರಾಗಿ ಅಂಬಲಿ, ಕಾಯಿಸಿದ ಹಾಲಿನ ಮೊಸರನ್ನ, ಹೆಸರುಬೇಳೆ ಪಾಯಸ. ಎರಡು ಗಂಟೆಗೊಮ್ಮೆ ಅರ್ಧ ಲೋಟ, ಜಾಸ್ತಿ ಬೇಡ. ನಾಲಿಗೆ ಕಬ್ಬಿಣ ನೆಕ್ಕಿದ ಹಾಗಿದೆ ಅಂದಳು. ಸ್ಟೀಲ್ ಚಮಚ ಬಿಟ್ಟು ಮರದ್ದು ಕೊಟ್ಟೆ, ಕೂಡಲೇ ವ್ಯತ್ಯಾಸ ಕಂಡಿತು. ಅಂಬಲಿಗೆ ಕೊನೆಯಲ್ಲಿ ಇನ್ನೊಂದು ಹಾಕುತ್ತಿದ್ದೆ. ಅದು ನಮ್ಮಮ್ಮನ ಕೈಗುಣ, ಮನೆಯಲ್ಲೇ ಇರಲಿ.

ಎರಡನೇ ಸಲದಿಂದ ತೂಕ ಇಳಿಯುವುದು ನಿಂತಿತು. ಕೆಂಪು ಔಷಧಿ ಮುಗಿಯುವ ಹೊತ್ತಿಗೆ ಒಂದು ಕೆಜಿ ಏರಿತ್ತು ಕೂಡ. ಈಗ ಅತ್ತೆಯೇ ಊರಿನವರಿಗೆಲ್ಲ ಈ ಅಂಬಲಿ ಹೇಳಿಕೊಡುತ್ತಾರೆ.

ಆಮೇಲೆ ವಾರಕ್ಕೊಮ್ಮೆ ಪ್ಯಾಕ್ಲಿಟಾಕ್ಸೆಲ್ ಅನ್ನುವ ಇನ್ನೊಂದು ಕೀಮೋ ಔಷಧಿ. ಬೆರಳಿಗೆ ಜೋಮು ಹಿಡಿಯುತ್ತದೆ ಅಂತ ಕೇಳಿದ್ದೆ. ಡಾಕ್ಟರನ್ನು ಕೇಳಿ, ಔಷಧಿ ಹೋಗುವಾಗ ಕೈಗೆ ಬಟ್ಟೆ ಸುತ್ತಿದ ಐಸ್ ಪ್ಯಾಕ್ ಹಿಡಿಸಿದೆ. ಬಸ್ಸಿನಲ್ಲಿ ಥರ್ಮೋಕೋಲ್ ಪೆಟ್ಟಿಗೆ ಹೊತ್ತು ಒಯ್ಯುತ್ತಿದ್ದೆ. ಜೋಮು ಬಂತು, ಆದರೆ ಬ್ಲೌಸಿನ ಹುಕ್ಕನ್ನು ಅವಳೇ ಹಾಕಿಕೊಳ್ಳುತ್ತಿದ್ದಳು.

ಇನ್ನು ಜ್ವರ. ಥರ್ಮಾಮೀಟರ್ ತಲೆದಿಂಬಿನ ಪಕ್ಕದಲ್ಲೇ ಇರಲಿ. 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಜಾಸ್ತಿ ತೋರಿಸಿದರೆ ಸುಮ್ನೆ ಪ್ಯಾರಾಸಿಟಮಾಲ್ ನುಂಗಿಸಿ ಬೆಳಗಾಗಲಿ ಅಂತ ಕಾಯಬೇಡಿ. ನಡುರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ.